ನಾಲ್ಕು ಟ್ಯೂಬಿಗೂ 2.3

ಭಾನುವಾರ ಬೆಳಗ್ಗೆ ಬಸವನಗುಡಿಯ ಒಂದು ಪುಟ್ಟ ಹಾಲ್‌ನಲ್ಲಿ ಮಾತಾಡಿದ್ದರ ಬರಹ ಇದು. ಬಂದವರಲ್ಲಿ ಅರ್ಧ ಪಿಯುಸಿ ಮಕ್ಕಳು, ಉಳಿದರ್ಧ ವಾಕಿಂಗ್ ಮುಗಿಸಿ, ತಿಂಡಿ ತಿಂದು ಹಾಗೇ ಬಂದು ಕೂತ ಹಿರಿಯರು. ಮೈಕ್ ಎರಡು ಸಲ ಕೈಕೊಟ್ಟಿತು. ಅದನ್ನು ಬಿಟ್ಟು ಮಿಕ್ಕಿದ್ದನ್ನು ಆದಷ್ಟು ಆಡಿದ ಹಾಗೇ ಬರೆದಿದ್ದೇನೆ.

ನಾನು ಎರಡು ಬಾಟಲಿ ಬೀಟ್‌ರೂಟ್ ರಸ ತಂದಿದ್ದೆ. ಆಟೋದಲ್ಲಿ ಬರುವಾಗ ಡ್ರೈವರ್ ಕನ್ನಡಿಯಲ್ಲಿ ಎರಡು ಮೂರು ಸಲ ನೋಡಿದರು. ಆಮೇಲೆ ತಡೆಯಲಾರದೆ "ಸಾರ್, ಅದು ರಕ್ತನಾ?" ಅಂತ ಕೇಳಿಯೇಬಿಟ್ಟರು. ಅಲ್ಲ ಅಂದೆ. ಆದರೆ ಮಾತು ರಕ್ತದಿಂದಲೇ ಶುರು ಮಾಡೋಣ ಅಂತ ಆಗಲೇ ಅನ್ನಿಸಿತು.

ರಕ್ತ ಪರೀಕ್ಷೆ ಮಾಡಿಸದೇ ಇರುವವರು ಕೈ ಎತ್ತಿ ಅಂದೆ. ಒಬ್ಬರೂ ಎತ್ತಲಿಲ್ಲ. ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ 11.2 ಅಂತ ಇರುತ್ತೆ, ಪಕ್ಕದಲ್ಲಿ ಒಂದು ಕೆಳಮುಖದ ಬಾಣ ಇರುತ್ತೆ, ನಾವು ಬಾಣ ನೋಡಿ ಗಾಬರಿಯಾಗುತ್ತೇವೆ, ಆದರೆ ಆ 11.2 ಎಲ್ಲಿಂದ ಬಂತು ಅಂತ ಕೇಳುವುದಿಲ್ಲ. ಯಾರೂ ಕೂತು ಹಿಮೋಗ್ಲೋಬಿನ್ ಎಣಿಸಿಲ್ಲ, ತೂಗಿಯೂ ಇಲ್ಲ. ಹಳೆಯ ಪದ್ಧತಿಯಲ್ಲಿ ಮಾಡುತ್ತಿದ್ದದ್ದು ಇಷ್ಟು: 20 ಮೈಕ್ರೋಲೀಟರ್ ರಕ್ತ ತಗೊಂಡು, ಅಂದರೆ ಒಂದು ಸಣ್ಣ ಹನಿಗಿಂತ ಕಡಿಮೆ, ಅದನ್ನು ಡ್ರಾಬ್ಕಿನ್ ದ್ರಾವಣ ಅನ್ನುವುದರ 5 ಮಿಲಿಲೀಟರ್‌ಗೆ ಬೆರೆಸುವುದು. ಕಣಗಳು ಒಡೆದು ಹಿಮೋಗ್ಲೋಬಿನ್ ಹೊರಗೆ ಬಂದು ಒಂದೇ ಬಗೆಯ ಬಣ್ಣದ ವಸ್ತುವಾಗುತ್ತೆ. ಅದರ ಮೂಲಕ 540 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕು ಬಿಟ್ಟು, ಆಚೆ ಕಡೆ ಎಷ್ಟು ಬಂತು ಅಂತ ನೋಡುವುದು. ಈಗಿನ ದೊಡ್ಡ ಯಂತ್ರಗಳು ಬೇರೆ ರಾಸಾಯನಿಕ ಬಳಸಬಹುದು, ಆದರೆ ಮಾಡುವ ಕೆಲಸ ಇದೇ. ತೆಳ್ಳಗೆ ಮಾಡು, ಬೆಳಕು ಬಿಡು, ಲೆಕ್ಕ ಹಾಕು.

ಮೊದಲ ಎರಡು ಕೆಲಸ ಯಾಕೆ ಜೊತೆಜೊತೆಗೇ ಬರುತ್ತವೆ ಅನ್ನುವುದೇ ಇವತ್ತಿನ ಮಾತು. ಬೆಳಕಿನ ಯಂತ್ರದ ಬಗ್ಗೆ ಎಲ್ಲರೂ ಹೇಳುತ್ತಾರೆ. ನೀರು ಬೆರೆಸುವುದನ್ನು ಮಾತ್ರ ಯಾರೂ ಒಂದು ವಿಷಯ ಅಂತ ಪರಿಗಣಿಸುವುದೇ ಇಲ್ಲ.

ಅಡುಗೆಮನೆಗೆ ಬನ್ನಿ. ಬೆಳಗ್ಗೆ ಫಿಲ್ಟರ್‌ನಿಂದ ಇಳಿದ ಮೊದಲ ಡಿಕಾಕ್ಷನ್ ಒಂದು ಲೋಟದಲ್ಲಿದೆ. ಪಕ್ಕದ ಮನೆಯವರು ಇನ್ನೂ ಎರಡು ಚಮಚ ಜಾಸ್ತಿ ಪುಡಿ ಹಾಕಿ ಇಳಿಸಿದ ಡಿಕಾಕ್ಷನ್ ಇನ್ನೊಂದು ಲೋಟದಲ್ಲಿದೆ. ಯಾವುದು ಗಟ್ಟಿ? ನೋಡಿ ಹೇಳಿ. ಆಗುವುದಿಲ್ಲ. ಎರಡೂ ಕಪ್ಪೇ. ಕಪ್ಪಿಗಿಂತ ಕಪ್ಪು ಅಂತ ಕಣ್ಣಿಗೆ ಇನ್ನೊಂದು ಬಣ್ಣ ಗೊತ್ತಿಲ್ಲ. ಈಗ ಎರಡರಿಂದಲೂ ಒಂದೊಂದು ಚಮಚ ತೆಗೆದು, ಒಂದೊಂದು ದೊಡ್ಡ ಗಾಜಿನ ಲೋಟ ನೀರಿಗೆ ಹಾಕಿ ಕಿಟಕಿಯ ಕಡೆ ಹಿಡಿಯಿರಿ. ಒಂದು ಜೇನಿನ ಬಣ್ಣ, ಇನ್ನೊಂದು ಬೆಲ್ಲದ ಬಣ್ಣ. ತಕ್ಷಣ ಗೊತ್ತಾಗುತ್ತೆ. ನೀರು ಹಾಕಿದ್ದರಿಂದ ಇದ್ದ ವ್ಯತ್ಯಾಸ ಕಡಿಮೆಯಾಗಲಿಲ್ಲ, ಇಲ್ಲದೇ ಇದ್ದಂತೆ ಕಂಡ ವ್ಯತ್ಯಾಸ ಕಾಣಿಸಿತು. ಸ್ವಲ್ಪ ವಿಚಿತ್ರ ಅಲ್ವಾ?

ಬೆಳಕಿನ ಲೆಕ್ಕಕ್ಕೆ ಬರೋಣ. ನಿಮ್ಮ ಕೈಯಲ್ಲಿ 100 ರೂಪಾಯಿ ಇದೆ ಅಂದುಕೊಳ್ಳಿ. ದಾರಿಯಲ್ಲಿ ಒಂದು ಗೇಟು. ಅಲ್ಲಿ ಕೂತವನು ಇಷ್ಟು ರೂಪಾಯಿ ಅಂತ ತಗೊಳ್ಳುವುದಿಲ್ಲ, ಕೈಯಲ್ಲಿ ಎಷ್ಟಿದೆಯೋ ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಿತ್ತುಕೊಳ್ಳುತ್ತಾನೆ. ಮೊದಲ ಗೇಟು ದಾಟಿದರೆ 10 ರೂಪಾಯಿ. ಎರಡನೆಯದು ದಾಟಿದರೆ 1 ರೂಪಾಯಿ. ಮೂರನೆಯದಕ್ಕೆ 10 ಪೈಸೆ. ದ್ರಾವಣದೊಳಗೆ ಹೋಗುವ ಬೆಳಕಿನ ಕಥೆ ಹೀಗೇ. ಪ್ರತಿ ಪದರವೂ ತನಗೆ ತಲುಪಿದ ಬೆಳಕಿನಲ್ಲಿ ಒಂದೇ ಪಾಲನ್ನು ನುಂಗುತ್ತೆ, ಒಂದೇ ಮೊತ್ತವನ್ನಲ್ಲ. ಉಳಿದ ಬೆಳಕನ್ನು ನೋಡಿ, ಎಷ್ಟು ಗೇಟು ದಾಟಿರಬೇಕು ಅಂತ ಹೇಳುವ ಸಂಖ್ಯೆಗೆ ಅಬ್ಸಾರ್ಬೆನ್ಸ್ ಅಂತ ಹೆಸರು. ಕನ್ನಡದಲ್ಲಿ ಹೀರಿಕೆ ಅನ್ನಬಹುದು. ಲ್ಯಾಬ್‌ನಲ್ಲಿ ಯಾರೂ ಅನ್ನುವುದಿಲ್ಲ, ಸುಮ್ನೆ ಓಡಿ (OD, ಆಪ್ಟಿಕಲ್ ಡೆನ್ಸಿಟಿ) ಅನ್ನುತ್ತಾರೆ. ಶಾಲೆಯಲ್ಲಿ ಲಾಗರಿದಮ್ ಯಾಕೆ ಕಲಿಸಿದರು ಅಂತ ಬೈದುಕೊಂಡವರಿಗೆ ಹೇಳುತ್ತೇನೆ, ಗೇಟು ಎಣಿಸುವುದಕ್ಕೆ. 100ರಲ್ಲಿ 10 ಉಳಿದರೆ 1, ಒಂದು ಉಳಿದರೆ 2, ಹತ್ತು ಪೈಸೆ ಉಳಿದರೆ 3.

ಗೇಟುಗಳ ಸಂಖ್ಯೆ ಯಾವುದರ ಮೇಲೆ ನಿಂತಿದೆ? ಮೂರು ವಿಷಯ. ದ್ರಾವಣ ಎಷ್ಟು ಗಟ್ಟಿ, ಬೆಳಕು ಅದರೊಳಗೆ ಎಷ್ಟು ದೂರ ನಡೆಯಬೇಕು, ಮತ್ತು ಆ ವಸ್ತು ಆ ಬಣ್ಣದ ಬೆಳಕಿಗೆ ಎಷ್ಟು ಹಸಿದಿದೆ. ಮೂರನ್ನೂ ಗುಣಿಸಿದರೆ ಅಬ್ಸಾರ್ಬೆನ್ಸ್. ದೂರದ ವಿಷಯ 1729ರಲ್ಲೇ ಫ್ರಾನ್ಸ್‌ನ ಪಿಯರ್ ಬುಗೇರ್ ಬರೆದಿದ್ದ. ಅವನಿಗೆ ಬೇಕಿದ್ದದ್ದು ರಕ್ತವೂ ಅಲ್ಲ ಬೀಟ್‌ರೂಟೂ ಅಲ್ಲ, ಆಕಾಶದಿಂದ ಬರುವ ಬೆಳಕು ಗಾಳಿಯಲ್ಲಿ ಎಷ್ಟು ಕರಗುತ್ತೆ ಅನ್ನುವುದು. 1760ರಲ್ಲಿ ಲ್ಯಾಂಬರ್ಟ್ ಅದಕ್ಕೆ ಗಣಿತದ ಅಂಗಿ ತೊಡಿಸಿದ. ಗಟ್ಟಿತನದ ಭಾಗ 1852ರಲ್ಲಿ ಔಗುಸ್ಟ್ ಬೀರ್ ಅವನಿಂದ ಬಂತು. ಪುಸ್ತಕದಲ್ಲಿ ಬೀರ್-ಲ್ಯಾಂಬರ್ಟ್ ನಿಯಮ ಅಂತ ಇರುತ್ತೆ, ಎಲ್ಲಕ್ಕಿಂತ ಮೊದಲು ಹೇಳಿದ ಬುಗೇರ್ ಹೆಸರು ಬಹಳ ಕಡೆ ಬಿಟ್ಟೇಹೋಗಿದೆ. ಪಾಪ.

ದೂರವನ್ನು ನಾವು ಕಟ್ಟಿಹಾಕಿಬಿಟ್ಟಿದ್ದೇವೆ. ದ್ರಾವಣ ಹಾಕುವ ಚೌಕದ ಪುಟ್ಟ ಗಾಜಿನ ಡಬ್ಬಿ, ಕ್ಯುವೆಟ್, ಅದರ ಒಳಗಿನ ಅಗಲ ಸರಿಯಾಗಿ 1 ಸೆಂಟಿಮೀಟರ್. ಹಸಿವಿನ ಅಂಕಿ ಆಯಾ ವಸ್ತುವಿಗೆ ಯಾರೋ ಅಳೆದು ಇಟ್ಟಿರುತ್ತಾರೆ. ಹಾಗಾಗಿ ಉಳಿಯುವುದು ಗಟ್ಟಿತನ ಒಂದೇ.

ಯಾವ ಬಣ್ಣದ ಬೆಳಕು ಬಿಡಬೇಕು? ಇಲ್ಲಿ ಮಕ್ಕಳು ಸಾಮಾನ್ಯವಾಗಿ ತಪ್ಪು ಹೇಳುತ್ತಾರೆ, ಭಾನುವಾರವೂ ಹೇಳಿದರು. ಬೀಟ್‌ರೂಟ್ ಕೆಂಪು, ಅದಕ್ಕೆ ಕೆಂಪು ಬೆಳಕು ಅಂತ. ಕೆಂಪಾಗಿ ಕಾಣುತ್ತೆ ಅಂದರೆ ಕೆಂಪನ್ನು ಆಚೆ ಬಿಡುತ್ತಿದೆ ಅಂತ ಅರ್ಥ, ನುಂಗುತ್ತಿರುವುದು ಹಸಿರನ್ನು. ನುಂಗುವುದನ್ನೇ ಅಳೆಯಬೇಕು, ಹಾಗಾಗಿ ಹಸಿರು ಬೆಳಕು, 535 ನ್ಯಾನೋಮೀಟರ್ ಆಸುಪಾಸು. ಡಿಎನ್‌ಎಗೆ ಕಣ್ಣಿಗೆ ಕಾಣುವ ಬಣ್ಣವೇ ಇಲ್ಲ, ನೀರಿನ ಹಾಗಿರುತ್ತೆ. ಆದರೆ ನಮಗೆ ಕಾಣದ ಅತಿನೇರಳೆಯಲ್ಲಿ 260 ನ್ಯಾನೋಮೀಟರ್ ಬಿಟ್ಟರೆ ಚೆನ್ನಾಗಿ ನುಂಗುತ್ತೆ. ಪ್ರೋಟೀನ್ 280ರಲ್ಲಿ, ಅದೂ ಮುಖ್ಯವಾಗಿ ಟ್ರಿಪ್ಟೊಫ್ಯಾನ್, ಟೈರೋಸಿನ್ ಅನ್ನುವ ಎರಡು ಅಮೈನೋ ಆಮ್ಲಗಳ ಪುಣ್ಯದಿಂದ. ನಿಮ್ಮ ಪ್ರೋಟೀನ್‌ನಲ್ಲಿ ಅವು ಕಡಿಮೆ ಇದ್ದರೆ ಯಂತ್ರಕ್ಕೆ ಅದು ಸರಿಯಾಗಿ ಕಾಣುವುದೇ ಇಲ್ಲ. ಬಣ್ಣ ಇಲ್ಲದವಕ್ಕೆ ಬಣ್ಣ ಹಚ್ಚುವ ದಾರಿಯೂ ಇದೆ. ನಿಮ್ಮ ಶುಗರ್ ಟೆಸ್ಟ್ ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಹಾಗೇ ನಡೆಯುತ್ತೆ. ಕಿಣ್ವಗಳು ಗ್ಲುಕೋಸ್ ಮೇಲೆ ಕೆಲಸ ಮಾಡಿ ಕೊನೆಗೆ ಗುಲಾಬಿ ಬಣ್ಣ ಬರಿಸುತ್ತವೆ, ಗುಲಾಬಿ ಗಾಢವಾದಷ್ಟೂ ನಿಮ್ಮ ಮನೆಯವರ ಬೈಗುಳ ಜಾಸ್ತಿ.

ಈಗ ನನ್ನ ಮಾನ ಹೋದ ಕಥೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ, ಇದೇ ಊರಿನ ಒಂದು ಲ್ಯಾಬ್‌ಗೆ ಹೊಸದಾಗಿ ಸೇರಿದ್ದೆ. ಮೊದಲ ತಿಂಗಳು. ಬ್ಯಾಕ್ಟೀರಿಯಾದಿಂದ ಡಿಎನ್‌ಎ ತೆಗೆದು, ನಾಲ್ಕು ಟ್ಯೂಬ್ ಸಿದ್ಧ ಮಾಡಿ, ಎಷ್ಟಿದೆ ಅಂತ ಅಳೆದು ಹೇಳು ಅಂದಿದ್ದರು. ಮೂಲೆಯಲ್ಲಿ ಒಂದು ಹಳೇ ಸ್ಪೆಕ್ಟ್ರೋಫೋಟೋಮೀಟರ್, ಅಂದರೆ ಈ ಅಬ್ಸಾರ್ಬೆನ್ಸ್ ಅಳೆಯುವ ಬೆಳಕಿನ ಯಂತ್ರ, ಇತ್ತು, ಆನ್ ಮಾಡಿದರೆ ಹಿಟ್ಟಿನ ಗಿರಣಿ ಥರ ಸದ್ದು. ಮೊದಲ ಟ್ಯೂಬ್ ಇಟ್ಟೆ, 2.30. ಎರಡನೆಯದು 2.28. ಮೂರು, 2.30. ನಾಲ್ಕು, 2.30. ನನಗೆ ಖುಷಿಯೋ ಖುಷಿ. ನಾಲ್ಕೂ ಒಂದೇ ಸಮ ಬಂದಿದೆ ಅಂದರೆ ನನ್ನ ಕೈ ಎಷ್ಟು ಪಳಗಿದೆ ನೋಡಿ ಅಂತ! ಅಬ್ಸಾರ್ಬೆನ್ಸ್ 1 ಇದ್ದರೆ ಮಿಲಿಲೀಟರ್‌ಗೆ 50 ಮೈಕ್ರೋಗ್ರಾಂ ಡಿಎನ್‌ಎ ಅನ್ನುವುದು ಎಲ್ಲರೂ ಬಳಸುವ ಲೆಕ್ಕ. 2.3ನ್ನು 50ರಿಂದ ಗುಣಿಸಿ 115 ಅಂತ ನೋಟ್‌ಬುಕ್‌ನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಸೀನಿಯರ್ ಒಬ್ಬರಿಗೆ ತೋರಿಸಿದೆ.

ಅವರು ಅಂಕಿ ನೋಡಿ ನಗಲಿಲ್ಲ. "ಡೈಲ್ಯೂಟ್ ಮಾಡಿದ್ಯಾ?" ಅಂದರು, ಅಷ್ಟೇ.

ಮಾಡಿರಲಿಲ್ಲ. ವಾಪಸ್ ಹೋಗಿ ಪ್ರತಿಯೊಂದನ್ನೂ ಹತ್ತು ಪಟ್ಟು ತೆಳ್ಳಗೆ ಮಾಡಿ ಇಟ್ಟೆ. 0.48, 0.36, 0.71, 0.52. ಹತ್ತರಿಂದ ಗುಣಿಸಿದರೆ 4.8, 3.6, 7.1, 5.2. ನಾಲ್ಕೂ ಒಂದೇ ಅಂದುಕೊಂಡವು ಒಂದಕ್ಕೊಂದು ಸಂಬಂಧವೇ ಇಲ್ಲ, ಮೂರನೆಯದರಲ್ಲಿ ಎರಡನೆಯದರ ಸುಮಾರು ಎರಡರಷ್ಟಿದೆ. ಮೊದಲು ಬರೆದ 115 ಅನ್ನುವುದು ಯಾವ ಟ್ಯೂಬಿನ ಅಂಕಿಯೂ ಅಲ್ಲ.

ಹಾಗಾದರೆ 2.3 ಯಾರದು? ಯಂತ್ರದ್ದು.

ಹಳೇ ಟಾಕೀಸ್‌ನಲ್ಲಿ ಮ್ಯಾಟಿನಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಒಳಗೆ ಎಷ್ಟೇ ಕತ್ತಲೆ ಮಾಡಿದರೂ ಬಾಗಿಲ ಸಂದಿಯಿಂದ ಒಂದು ಚೂರು ಬಿಸಿಲು ಬಂದೇ ಬರುತ್ತಿತ್ತು. ಪರದೆ ಮೇಲಿನ ದೃಶ್ಯ ಎಷ್ಟು ಕಪ್ಪಾದರೂ ಆ ಸಂದಿ ಬೆಳಕಿಗಿಂತ ಕಪ್ಪಾಗಲು ಸಾಧ್ಯ ಇಲ್ಲ. ಸ್ಪೆಕ್ಟ್ರೋಫೋಟೋಮೀಟರ್ ಒಳಗೂ ಹೀಗೆ ದಾರಿ ತಪ್ಪಿದ ಬೆಳಕು ಒಂದಿಷ್ಟು ಇರುತ್ತೆ, ಸ್ಟ್ರೇ ಲೈಟ್ ಅನ್ನುತ್ತಾರೆ. ಬೇರೆ ಬಣ್ಣದ ಬೆಳಕು, ಎಲ್ಲೋ ಬಡಿದು ಚೆಲ್ಲಿ ಬಂದ ಬೆಳಕು, ನಿಮ್ಮ ದ್ರಾವಣಕ್ಕೆ ಅದನ್ನು ನುಂಗುವ ಉಸಾಬರಿಯೇ ಇಲ್ಲ, ಸೀದಾ ಆಚೆ ಹೋಗುತ್ತೆ. ಆ ಹಳೇ ಯಂತ್ರದಲ್ಲಿ ಅದು ನೂರಕ್ಕೆ ಅರ್ಧ ಭಾಗ ಇತ್ತು ಅಂತಿಟ್ಟುಕೊಳ್ಳಿ. ನಮ್ಮ ಲೆಕ್ಕದಲ್ಲಿ 100 ರೂಪಾಯಿಗೆ 50 ಪೈಸೆ. ನನ್ನ ಮೊದಲ ಟ್ಯೂಬ್ ನಿಜವಾಗಿ 4.8, ಅಂದರೆ ಅದನ್ನು ದಾಟಿ ಬರಬೇಕಾದದ್ದು ಒಂದು ಪೈಸೆಯೂ ಅಲ್ಲ, ಅದರ ಆರನೇ ಒಂದು ಪಾಲು. ಯಂತ್ರದ ಕಣ್ಣಿಗೆ ಬಿದ್ದದ್ದು 50 ಪೈಸೆ. 100 ಕೊಟ್ಟೆ, 50 ಪೈಸೆ ಬಂತು, ಗೇಟು ಎಷ್ಟು ಅಂತ ಕೇಳಿದರೆ ಲಾಗರಿದಮ್ ಏನು ಹೇಳುತ್ತೆ? 2.3. 4.8 ಇಟ್ಟರೂ 2.3, 7.1 ಇಟ್ಟರೂ 2.3, ಮಸಿಕುಡಿಕೆ ಇಟ್ಟರೂ 2.3. ನಾನು ನಾಲ್ಕು ಸಲ ಅಳೆದದ್ದು ಡಿಎನ್‌ಎ ಅಲ್ಲ, ಬಾಗಿಲ ಸಂದಿ.

ಒಳ್ಳೆಯ ಯಂತ್ರದಲ್ಲಿ ಈ ಸಂದಿ ಬಹಳ ಕಿರಿದು. ಆದರೆ ಸಂದಿ ಇಲ್ಲದ ಯಂತ್ರ ಇಲ್ಲ. ಅದಕ್ಕೇ ಲ್ಯಾಬ್‌ನಲ್ಲಿ ಹಳಬರು 0.1ರಿಂದ 1ರ ಒಳಗೆ ಓದು ಬಂದರೆ ಮಾತ್ರ ನಂಬುತ್ತಾರೆ. ಮೇಲೆ ಹೋದರೆ ಸಂದಿಯ ಕಾಟ. ಕೆಳಗೆ ಇಳಿದರೆ ಇನ್ನೊಂದು ತೊಂದರೆ. ಅಬ್ಸಾರ್ಬೆನ್ಸ್ 0.01 ಅಂದರೆ 100ರಲ್ಲಿ 97ಕ್ಕೂ ಜಾಸ್ತಿ ಬೆಳಕು ಹಾಗೇ ಬಂದಿದೆ, ಕ್ಯುವೆಟ್ ಮೇಲೆ ಒಂದು ಬೆರಳಚ್ಚು ಇದ್ದರೂ ಅಷ್ಟು ವ್ಯತ್ಯಾಸ ಆಗಬಹುದು. ಈ ಚಿಕ್ಕ ಕಿಟಕಿಯೊಳಗೆ ದ್ರಾವಣವನ್ನು ತಂದು ನಿಲ್ಲಿಸುವ ಕೆಲಸ ಯಂತ್ರ ಮಾಡುವುದಿಲ್ಲ. ಅದು ನಿಮ್ಮ ಕೈ ಮಾಡಬೇಕು, ನೀರು ಹಾಕಿ.

ನೀರು ಹಾಕುವುದರಲ್ಲಿ ಏನಿದೆ ಅಂತ ಅನ್ನಿಸಬಹುದು. ಸಾರಿಗೆ ಉಪ್ಪು ಜಾಸ್ತಿಯಾದರೆ ಹಾಕಲ್ವಾ? ಹಾಕುತ್ತೇವೆ, ಆದರೆ ಎಷ್ಟು ಹಾಕಿದೆವು ಅಂತ ಆಮೇಲೆ ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ, ಯಾಕೆಂದರೆ ಕೊನೆಗೆ ಅಷ್ಟೇ ಪಟ್ಟು ವಾಪಸ್ ಗುಣಿಸಬೇಕು. ಹತ್ತು ಪಟ್ಟು ಅಂದರೆ 1 ಪಾಲು ದ್ರಾವಣ, 9 ಪಾಲು ನೀರು. ಹತ್ತು ಪಾಲು ನೀರಲ್ಲ. ಇದನ್ನು ಓದಿ ಇಷ್ಟೂ ಗೊತ್ತಿಲ್ವಾ ಅನ್ನುವವರು ಒಮ್ಮೆ ಯಾವುದಾದರೂ ಪ್ರಾಕ್ಟಿಕಲ್ ಕ್ಲಾಸ್‌ಗೆ ಹೋಗಿ ನೋಡಿ, ಎಷ್ಟು ಜನ 1ಕ್ಕೆ 10 ಅಂತ ಓದಿ 10 ಹಾಕುತ್ತಾರೆ ಅಂತ. ಹಾಗೆ ಮಾಡಿದರೆ ಆಗುವುದು ಹನ್ನೊಂದು ಪಟ್ಟು. ಹಿಮೋಗ್ಲೋಬಿನ್ ವಿಷಯ ನೆನಪಿಸಿಕೊಳ್ಳಿ, 20 ಮೈಕ್ರೋಲೀಟರ್ ರಕ್ತ, 5 ಮಿಲಿಲೀಟರ್ ದ್ರಾವಣ. 5000ವನ್ನು 20ರಿಂದ ಭಾಗಿಸಿದರೆ 250. ಆದರೆ ಲ್ಯಾಬ್ ಪುಸ್ತಕಗಳಲ್ಲಿ ಗುಣಿಸುವ ಅಂಕಿ 251 ಅಂತ ಇರುತ್ತೆ. ಆ ಒಂದು ಎಲ್ಲಿಂದ ಬಂತು? ರಕ್ತವೇ ಆ ಒಂದು. 250ರಲ್ಲಿ ಒಂದು ಹೆಚ್ಚುಕಮ್ಮಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ ನಿಜ, ಆದರೂ 251 ಅಂತ ಬರೆದವರ ಮೇಲೆ ನನಗೆ ಒಂಥರಾ ಗೌರವ.

ಇದು ಒಂದೇ ಮೆಟ್ಟಿಲಾದರೆ ಪರವಾಗಿಲ್ಲ. ಮೆಟ್ಟಿಲ ಮೇಲೆ ಮೆಟ್ಟಿಲು ಬಂದಾಗ ಮಜಾ ಇರುವುದು. ಮೊಸರು ತಗೊಳ್ಳಿ. ಒಂದು ಮಿಲಿಲೀಟರ್ ಮೊಸರಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಎಣಿಸುವುದು ಹೇಗೆ? 1 ಮಿಲಿಲೀಟರ್ ಮೊಸರನ್ನು 9 ಮಿಲಿಲೀಟರ್ ಉಪ್ಪುನೀರಿಗೆ ಹಾಕಿ ಕಲಸಿ. ಅದರಿಂದ 1 ತೆಗೆದು ಮತ್ತೊಂದು 9ಕ್ಕೆ. ಅದರಿಂದ 1 ತೆಗೆದು ಇನ್ನೊಂದು 9ಕ್ಕೆ. ಹೀಗೆ ಆರು ಸಲ. ಆರನೇ ಟ್ಯೂಬಿನಲ್ಲಿ ಇರುವುದು ಹತ್ತು ಲಕ್ಷದಲ್ಲಿ ಒಂದು ಪಾಲು. ಅದರ 0.1 ಮಿಲಿಲೀಟರ್ ತಟ್ಟೆಗೆ ಹರಡಿ ಬೆಚ್ಚಗಿಟ್ಟರೆ, ಸಾಮಾನ್ಯವಾಗಿ ಒಂದೊಂದು ಬ್ಯಾಕ್ಟೀರಿಯಾ ಬಿದ್ದ ಕಡೆ ಒಂದೊಂದು ಚುಕ್ಕೆ ಬೆಳೆಯುತ್ತೆ. 47 ಚುಕ್ಕೆ ಬಂತು ಅನ್ನಿ. 47ನ್ನು ಹತ್ತರಿಂದ ಗುಣಿಸಿ, ಹತ್ತು ಲಕ್ಷದಿಂದ ಗುಣಿಸಿದರೆ 47 ಕೋಟಿ. ಬೆರಳಿನಲ್ಲಿ 47 ಎಣಿಸಿ 47 ಕೋಟಿ ಅಂತ ಧೈರ್ಯವಾಗಿ ಹೇಳುತ್ತೇವೆ. ಈ ಲೆಕ್ಕ ಮೊದಲ ಸಲ ಮಾಡಿದ ದಿನ ನಾನು ಮನೆಗೆ ಹೋಗಿ ಮೊಸರನ್ನ ತಿನ್ನುವಾಗ ಸ್ವಲ್ಪ ಹೊತ್ತು ತಟ್ಟೆ ನೋಡುತ್ತಾ ಕೂತಿದ್ದೆ.

ಈಗ ಪ್ರತಿ ಮೆಟ್ಟಿಲಲ್ಲೂ 9ರ ಬದಲು 10 ಹಾಕಿದವನ ಗತಿ ನೋಡಿ. ಒಂದು ಮೆಟ್ಟಿಲಿಗೆ ಹನ್ನೊಂದು ಪಟ್ಟು, ಆರು ಮೆಟ್ಟಿಲಿಗೆ 17 ಲಕ್ಷ 71 ಸಾವಿರ ಪಟ್ಟು. ಅವನು ಗುಣಿಸುವುದು 10 ಲಕ್ಷದಿಂದ. ಮೊಸರಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಬ್ಯಾಕ್ಟೀರಿಯಾ ಕಾಗದದ ಮೇಲೆ ಮಾಯ! ಅಷ್ಟು ದೊಡ್ಡ ತಪ್ಪು ಬೇಡ, ಅಳತೆ ಮಾಡಿ ದ್ರಾವಣ ಎಳೆಯುವ ನಿಮ್ಮ ಪಿಪೆಟ್ ಪ್ರತಿ ಸಲ ಬರೀ ಶೇಕಡಾ 2 ಕಡಿಮೆ ಎಳೆಯುತ್ತಿದೆ ಅಂದುಕೊಳ್ಳಿ. ಆರು ಮೆಟ್ಟಿಲು ಇಳಿಯುವ ಹೊತ್ತಿಗೆ ಅದು ಸುಮಾರು ಶೇಕಡಾ 10 ಆಗಿರುತ್ತೆ. ತಪ್ಪೂ ಬಡ್ಡಿ ಥರ, ಚಕ್ರಬಡ್ಡಿ.

ಪಿಪೆಟ್ ಅಂದಾಗ ಒಂದು ಮಾತು. ಹಿಂದೆ ಗಾಜಿನ ಕೊಳವೆಯನ್ನು ಬಾಯಲ್ಲಿಟ್ಟು ಹೀರುತ್ತಿದ್ದರು, ಎಳನೀರು ಕುಡಿದ ಹಾಗೆ. ನಮ್ಮ ಮೇಷ್ಟ್ರೊಬ್ಬರು ತಾವು ರುಚಿ ನೋಡಿದ ರಾಸಾಯನಿಕಗಳ ಪಟ್ಟಿ ಹೇಳಿ ನಗಿಸುತ್ತಿದ್ದರು. 1957ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಹೈನ್ರಿಷ್ ಶ್ನಿಟ್ಗರ್ ಅನ್ನುವವರು ಈ ಕಾಟ ತಾಳಲಾರದೆ ಸ್ಪ್ರಿಂಗ್ ಇರುವ ಒತ್ತುಗುಂಡಿಯ ಪಿಪೆಟ್ ಮಾಡಿದರು. ಇವತ್ತು ಎಲ್ಲ ಲ್ಯಾಬ್‌ನಲ್ಲೂ ಇರುವುದು ಅದರ ಮಕ್ಕಳು ಮೊಮ್ಮಕ್ಕಳು. ಅದರಲ್ಲಿ ಗುಂಡಿ ಒತ್ತಿದರೆ ಎರಡು ಕಡೆ ನಿಲ್ಲುತ್ತೆ. ಎಳೆಯುವಾಗ ಮೊದಲ ನಿಲುಗಡೆ, ಬಿಡುವಾಗ ಎರಡನೆಯದರವರೆಗೆ. ಹೊಸಬರು ಎಳೆಯುವಾಗಲೂ ಎರಡನೆಯದಕ್ಕೆ ಒತ್ತಿ ಜಾಸ್ತಿ ಎಳೆದುಬಿಡುತ್ತಾರೆ. ನಿಮ್ಮ ಪಿಪೆಟ್ ಮೇಲೆ ಅನುಮಾನ ಇದ್ದರೆ ಸಲಹೆ ಸುಲಭ: 1000 ಮೈಕ್ರೋಲೀಟರ್ ನೀರು ತಕ್ಕಡಿಗೆ ಬಿಡಿ, ಒಂದು ಗ್ರಾಂ ಹತ್ತಿರ ಬರಬೇಕು. ನೀರಿಗಿಂತ ಅಗ್ಗದ ಪರೀಕ್ಷಕ ಸಿಗುವುದಿಲ್ಲ, ಬೆಂಗಳೂರಿನ ಬೇಸಿಗೆಯಲ್ಲಿ ಈ ಮಾತು ಹೇಳಬಾರದೇನೋ.

ಏನು ಬೆರೆಸಿ ತೆಳ್ಳಗೆ ಮಾಡುತ್ತೀರಿ ಅನ್ನುವುದೂ ಮುಖ್ಯ. ಕೆಂಪು ರಕ್ತಕಣ ಎಣಿಸಬೇಕಾದರೆ ಬರೀ ನೀರು ಹಾಕಿದಿರೋ ಕಣಗಳು ಉಬ್ಬಿ ಒಡೆದು ಎಣಿಸುವುದಕ್ಕೆ ಏನೂ ಉಳಿಯುವುದಿಲ್ಲ, ಅದಕ್ಕೆ ಸರಿಯಾದ ಉಪ್ಪುನೀರೇ ಬೇಕು. ಹಿಮೋಗ್ಲೋಬಿನ್‌ಗೆ ಒಡೆಯುವುದೇ ಬೇಕು. ಅರಿಶಿನದ ಬಟ್ಟೆಗೆ ಸೋಪು ತಾಗಿದರೆ ಕೆಂಪಾಗುವುದನ್ನು ನೀವೆಲ್ಲ ನೋಡಿದ್ದೀರಿ. ಕೆಲವು ಬಣ್ಣಗಳು ಹುಳಿ-ಕ್ಷಾರ ಬದಲಾದರೆ ಬೇರೆಯೇ ಬಣ್ಣವಾಗುತ್ತವೆ, ಆಗ ತೆಳ್ಳಗಾಗಿದೆ ಅಂದುಕೊಂಡದ್ದು ನಿಜವಾಗಿ ಬದಲಾಗಿರುತ್ತೆ.

ಹಾಗಾಗಿ ನಾನು ಈಗ ಮಾಡುವುದು ಹೀಗೆ. ಎರಡು ಬೇರೆ ಬೇರೆ ಮಟ್ಟಕ್ಕೆ ತೆಳ್ಳಗೆ ಮಾಡುತ್ತೇನೆ, ಹತ್ತು ಪಟ್ಟು ಒಂದು, ಇಪ್ಪತ್ತು ಪಟ್ಟು ಒಂದು. ವಾಪಸ್ ಗುಣಿಸಿದಾಗ ಎರಡೂ ಒಂದೇ ಅಂಕಿಗೆ ಬಂದರೆ ನಂಬುತ್ತೇನೆ. ಬರದಿದ್ದರೆ ಯಂತ್ರ ತನ್ನ ಕಿಟಕಿಯಿಂದ ಆಚೆ ಇದೆ, ಇಲ್ಲ ನನ್ನ ಕೈ ಕೆಟ್ಟಿದೆ, ಇಲ್ಲ ದ್ರಾವಣ ಏನೋ ಬೇರೆ ಆಟ ಆಡುತ್ತಿದೆ. ಐದು ನಿಮಿಷದ ಕೆಲಸ. ಅವತ್ತು ಮಾಡಿದ್ದರೆ ಎರಡು ಗೆರೆ ಎಳೆಯುವುದು ತಪ್ಪುತ್ತಿತ್ತು.

ಬ್ಲ್ಯಾಂಕ್ ವಿಷಯ ಬೇಗ ಮುಗಿಸುತ್ತೇನೆ. ಎಣ್ಣೆ ಅಂಗಡಿಯಲ್ಲಿ ಮೊದಲು ಖಾಲಿ ಡಬ್ಬಿ ತೂಗುತ್ತಾರಲ್ಲ, ಅದೇ. ವಸ್ತು ಬಿಟ್ಟು ಮಿಕ್ಕಿದ್ದೆಲ್ಲ ಇರುವ ದ್ರಾವಣ ಇಟ್ಟು ಸೊನ್ನೆ ಮಾಡಿಕೊಳ್ಳಬೇಕು. ಕ್ಯುವೆಟ್‌ನ ಮಂಕು ಬದಿಗಳನ್ನು ಹಿಡಿಯಬೇಕು, ಬೆಳಕು ಹೋಗುವ ಬದಿಯನ್ನಲ್ಲ. ಇನ್ನು ಡಿಎನ್‌ಎ ಅಳೆಯುವಾಗ ಮಾಮೂಲಿ ಗಾಜು, ಪ್ಲಾಸ್ಟಿಕ್ ನಡೆಯುವುದಿಲ್ಲ, ಅವೇ ಅತಿನೇರಳೆಯನ್ನು ನುಂಗಿಬಿಡುತ್ತವೆ, ಕ್ವಾರ್ಟ್ಜ್ ಬೇಕು. ಕ್ವಾರ್ಟ್ಜ್ ಕ್ಯುವೆಟ್ ಬೀಳಿಸಿ ಒಡೆದವರ ಮುಖ ನೋಡಿದರೆ ಬೆಲೆ ಎಷ್ಟು ಅಂತ ಕೇಳಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬಹಳ ಜನ ಮೋಸ ಹೋಗುತ್ತಾರೆ. ಬ್ಯಾಕ್ಟೀರಿಯಾ ಬೆಳೆಸಿದ ಸಾರನ್ನು 600 ನ್ಯಾನೋಮೀಟರ್‌ನಲ್ಲಿ ಇಟ್ಟು ಓಡಿ 0.6 ಬಂತು ಅನ್ನುತ್ತೇವೆ. ಅದೇ ಯಂತ್ರ, ಅದೇ ಕ್ಯುವೆಟ್, ಆದರೆ ಅಲ್ಲಿ ಬೆಳಕನ್ನು ಯಾರೂ ನುಂಗುತ್ತಿಲ್ಲ. ಒಂದು ಲೋಟ ನೀರಿಗೆ ಎರಡು ಹನಿ ಹಾಲು ಹಾಕಿ ನೋಡಿ, ಮಬ್ಬಾಗುತ್ತೆ, ಬಣ್ಣ ಬರುವುದಿಲ್ಲ. ಬೆಳಕು ಕಣಗಳಿಗೆ ಬಡಿದು ಅಕ್ಕಪಕ್ಕ ಚದುರಿ ಹೋಗುತ್ತೆ, ಎದುರಿನ ಕಣ್ಣಿಗೆ ಕಡಿಮೆ ಬರುತ್ತೆ, ಯಂತ್ರ ಅದನ್ನೂ ನುಂಗಿದ ಲೆಕ್ಕಕ್ಕೇ ಹಾಕುತ್ತೆ. ಬೆಳಕು ಚದುರುವ ವಿಷಯಕ್ಕೇ ನೊಬೆಲ್ ಪಡೆದ ಸಿ. ವಿ. ರಾಮನ್ 1933ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ನಿರ್ದೇಶಕರಾಗಿ ಬಂದು ಈ ಊರಲ್ಲೇ ಉಳಿದವರು. ಅವರು ನೋಡಿದ ಚದುರುವಿಕೆ ಇದಕ್ಕಿಂತ ಬಹಳ ಸೂಕ್ಷ್ಮದ್ದು, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಚದುರಿದ ಬೆಳಕಿನಲ್ಲಿ ಎಷ್ಟು ಪಾಲು ಎದುರಿನ ಕಣ್ಣಿಗೆ ಬೀಳುತ್ತೆ ಅನ್ನುವುದು ಆ ಯಂತ್ರದಲ್ಲಿ ಕಣ್ಣು ಎಷ್ಟು ದೂರ ಇದೆ, ಎಷ್ಟು ಅಗಲ ಇದೆ ಅನ್ನುವುದರ ಮೇಲೆ ನಿಂತಿದೆ. ಅದಕ್ಕೇ ಒಂದೇ ಸಾರು ನಮ್ಮ ಯಂತ್ರದಲ್ಲಿ 0.6, ಪಕ್ಕದ ರೂಮಿನಲ್ಲಿ 0.8. ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾಗೆ ಓಡಿ 1 ಅಂದರೆ ಮಿಲಿಲೀಟರ್‌ಗೆ ಸುಮಾರು 80 ಕೋಟಿ ಕೋಶ ಅಂತ ಪುಸ್ತಕದಲ್ಲಿ ಇರುತ್ತೆ. ಅದು ಅಂದಾಜು. ನಿಮ್ಮ ಯಂತ್ರಕ್ಕೆ ಎಷ್ಟು ಅಂತ ಗೊತ್ತಾಗಬೇಕಾದರೆ ಮೊಸರಿನ ಹಾಗೆ ತಟ್ಟೆಗೆ ಹಾಕಿ ಎಣಿಸಲೇಬೇಕು.

ಗಾಢವಾದರೆ ಜಾಸ್ತಿ ಅನ್ನುವುದೂ ಎಲ್ಲ ಕಡೆ ನಿಜ ಅಲ್ಲ. ಕೋಲಾರದ ಕಡೆಯವರಿಗೆ ಬೋರ್‌ವೆಲ್ ನೀರಿನ ಫ್ಲೋರೈಡ್ ಗೊತ್ತು, ಹಲ್ಲಿನ ಮೇಲಿನ ಕಲೆ ನೋಡಿಯೇ ಗೊತ್ತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರ್‌ಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ಅಳೆಯುವ ಒಂದು ಹಳೆಯ ಪದ್ಧತಿಯಲ್ಲಿ ಜಿರ್ಕೋನಿಯಂ ಜೊತೆ ಸೇರಿದ ಕೆಂಪು ಬಣ್ಣವನ್ನು ನೀರಿಗೆ ಹಾಕುತ್ತಾರೆ. ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಎಳೆದುಕೊಂಡು ಹೋಗುತ್ತೆ, ಬಣ್ಣ ಮಂಕಾಗುತ್ತೆ. ಮಂಕಾದಷ್ಟೂ ಅಪಾಯ. ಇಲ್ಲಿ ಫ್ಲೋರೈಡ್ ಬಹಳ ಜಾಸ್ತಿ ಇದ್ದರೆ ಬಣ್ಣ ಪೂರ್ತಿ ಕಳೆದು ಒಂದು ತಳಕ್ಕೆ ಬಂದು ನಿಂತುಬಿಡುತ್ತೆ. ಆಮೇಲೆ ಎಷ್ಟೇ ಫ್ಲೋರೈಡ್ ಇದ್ದರೂ ಒಂದೇ ಓದು. ನನ್ನ 2.3 ತಲೆಕೆಳಗಾಗಿ ನಿಂತ ಹಾಗೆ. ಮದ್ದು ಅದೇ, ಫ್ಲೋರೈಡ್ ಇಲ್ಲದ ನೀರು ಹಾಕಿ ತೆಳ್ಳಗೆ ಮಾಡಿ ಮತ್ತೆ ನೋಡುವುದು.

ಪ್ರಶ್ನೆಗಳು ಚೆನ್ನಾಗಿದ್ದವು. ಹಿರಿಯರೊಬ್ಬರು, ಒಂದೇ ದಿನ ಎರಡು ಲ್ಯಾಬ್‌ನಲ್ಲಿ ಶುಗರ್ ಮಾಡಿಸಿದೆ, 142 ಮತ್ತು 149 ಬಂತು, ಯಾರು ಕಳ್ಳರು ಅಂತ ಕೇಳಿದರು. ಯಾರೂ ಅಲ್ಲ ಸಾರ್ ಅಂದೆ. ಒಂದೇ ಲ್ಯಾಬ್‌ನಲ್ಲಿ ಎರಡು ಸಲ ಮಾಡಿಸಿದ್ದರೂ ಇಷ್ಟು ಅಲುಗಾಡಬಹುದು. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ. ಇನ್ನೊಬ್ಬರು ಕೋವಿಡ್ ಕಾಲದಲ್ಲಿ ಬೆರಳಿಗೆ ಹಾಕಿಕೊಂಡ ಆಕ್ಸಿಮೀಟರ್ ಬಗ್ಗೆ ಕೇಳಿದರು. ಅದೂ ಇದೇ ಕುಲ. 660ರ ಕೆಂಪು ಬೆಳಕು, 940ರ ಕಾಣದ ಬೆಳಕು, ಎರಡನ್ನೂ ಬೆರಳಿನೊಳಗೆ ಬಿಟ್ಟು, ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಎಷ್ಟು, ಹೊರದದ್ದು ಎಷ್ಟು ಅಂತ ಎರಡರ ಅನುಪಾತದಿಂದ ಹೇಳುತ್ತೆ. ಬೆರಳನ್ನು ನೀರು ಹಾಕಿ ತೆಳ್ಳಗೆ ಮಾಡಲಾಗುವುದಿಲ್ಲವಲ್ಲ, ಅದಕ್ಕೆ ಅದು ನಾಡಿ ಬಡಿತದ ಜೊತೆ ಏರಿಳಿಯುವ ಭಾಗವನ್ನಷ್ಟೇ ತಗೊಂಡು ಚರ್ಮ, ಮೂಳೆ ಎಲ್ಲವನ್ನೂ ಬ್ಲ್ಯಾಂಕ್ ಥರ ಬಿಟ್ಟುಬಿಡುತ್ತೆ. 1970ರ ದಶಕದಲ್ಲಿ ಜಪಾನಿನ ತಕುವೊ ಅಯೋಯಾಗಿ ಅವರಿಗೆ ಹೊಳೆದದ್ದು ಅದು.

ಕೊನೆಗೆ ಮುಂದಿನ ಸಾಲಿನಲ್ಲಿ ಅಮ್ಮನ ಜೊತೆ ಕೂತಿದ್ದ ಹುಡುಗಿ, ಏಳನೇ ಕ್ಲಾಸ್ ಇರಬೇಕು, ಎದ್ದು ನಿಂತಳು. ನೀರು ಹಾಕಿದರೆ ಬಣ್ಣ ಹೋಗುತ್ತಲ್ಲ, ಬೀಟ್‌ರೂಟ್ ಎಲ್ಲಿಗೆ ಹೋಯಿತು ಅಂದಳು.

ಬಾಟಲಿ ತಂದಿದ್ದು ಸಾರ್ಥಕವಾಯಿತು. ವೇದಿಕೆಗೆ ಕರೆದು, ನೇರ ಗೋಡೆಯ ಉದ್ದನೆಯ ಗಾಜಿನ ಲೋಟ ಕೊಟ್ಟು, ಕೆಳಗೆ ಬಿಳಿ ಹಾಳೆ ಇಟ್ಟೆ. ಮೊದಲೇ ಸೋಸಿ ಸ್ವಲ್ಪ ತೆಳ್ಳಗೆ ಮಾಡಿಟ್ಟಿದ್ದ ರಸವನ್ನು ಒಂದು ಬೆರಳಗಲದಷ್ಟು ಹಾಕಿಸಿದೆ. ಪಕ್ಕದಿಂದ ನೋಡು, ಮೇಲಿಂದ ನೋಡು, ಎರಡೂ ಬಣ್ಣ ನೆನಪಿಟ್ಟುಕೋ ಅಂದೆ. ಆಮೇಲೆ ನಿಧಾನವಾಗಿ ನೀರು ಸುರಿದು ಕಲಕುತ್ತಾ ಹೋಗು ಅಂದೆ. ಪಕ್ಕದಿಂದ ನೋಡಿದರೆ ಕೆಂಪು ಗುಲಾಬಿಯಾಯಿತು, ಗುಲಾಬಿ ಇನ್ನೂ ತಿಳಿಯಾಯಿತು. ಈಗ ಮೇಲಿಂದ ನೋಡು.

ಬಗ್ಗಿ ನೋಡಿದಳು. ಮತ್ತೆ ಪಕ್ಕದಿಂದ ನೋಡಿದಳು. ಮತ್ತೆ ಮೇಲಿಂದ. ಮೇಲಿಂದ ಬಣ್ಣ ಕದಲಿರಲಿಲ್ಲ, ಶುರುವಿನಲ್ಲಿ ಇದ್ದ ಹಾಗೇ ಇತ್ತು. ಗಟ್ಟಿತನ ಹತ್ತರಲ್ಲಿ ಒಂದಾಗಿದೆ, ಬೆಳಕು ನಡೆಯುವ ದೂರ ಹತ್ತು ಪಟ್ಟಾಗಿದೆ, ಗೇಟುಗಳು ಅಷ್ಟೇ ಇವೆ, ದೂರ ದೂರ ನಿಂತಿವೆ ಅಷ್ಟೇ. ಬಣ್ಣ ಅಳೆಯುವ ಹಳೆಯ ಡುಬೋಸ್ಕ್ ಯಂತ್ರದಲ್ಲಿ ಇದನ್ನೇ ಬಳಸುತ್ತಿದ್ದರು, ಎರಡು ದ್ರಾವಣಗಳ ಆಳವನ್ನು ಹೆಚ್ಚುಕಮ್ಮಿ ಮಾಡುತ್ತಾ ಎರಡೂ ಒಂದೇ ಬಣ್ಣ ಕಾಣುವವರೆಗೆ ಒಂದೇ ಕಣ್ಣಿನಿಂದ ಹೋಲಿಸಿ. ನಾನು ಇದನ್ನೆಲ್ಲ ಮೈಕ್‌ನಲ್ಲಿ ವಿವರಿಸುತ್ತಿದ್ದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ಜಗ್ ಕೈಗೆತ್ತಿಕೊಂಡು "ಇನ್ನೂ ಹಾಕಲಾ ಸರ್?" ಅಂದಳು.

ಲೋಟದಲ್ಲಿ ಜಾಗ ಇರಲಿಲ್ಲ. ಆದರೂ ಹಾಕಿದಳು.